ಇದ್ದುದರಲ್ಲಿ ತೃಪ್ತಿ, ಕೊಟ್ಟದ್ದರ ಜೋಪಾನ: ದಿನನಿತ್ಯ ಮಾಡೋದು ಹೇಗೆ?

ತೃಪ್ತಿ ಕೊಡು ಕರ್ತನೇ ಅಂತ ನಾವೆಲ್ಲ ಪ್ರಾರ್ಥಿಸುತ್ತೇವೆ. ಆಮೇಲೆ ಅದು ತಾನಾಗಿ ಮನಸ್ಸಿಗೆ ಬಂದುಬಿಡಲಿ ಅಂತ ಕಾಯುತ್ತಾ ಕೂರುತ್ತೇವೆ. ಬೈಬಲ್‌ನಲ್ಲಿ ಫಿಲಿಪ್ಪಿಯವರಿಗೆ ಬರೆದ ಪತ್ರದ 4ನೇ ಅಧ್ಯಾಯ ತೆಗೆದು ನೋಡಿ. ಕೊರತೆಯಲ್ಲೂ ಸಮೃದ್ಧಿಯಲ್ಲೂ ತೃಪ್ತನಾಗಿರೋದನ್ನು ಕಲಿತುಕೊಂಡೆ ಅಂತ ಯೇಸುವಿನ ಸುವಾರ್ತೆ ಸಾರಿದ ಪೌಲ ಹೇಳುತ್ತಾನೆ, ಅದೂ ಸೆರೆಯಲ್ಲಿದ್ದುಕೊಂಡು. ಅವನಿಗೂ ಅದು ಹುಟ್ಟಿನಿಂದ ಬಂದದ್ದಲ್ಲ. ಕಲಿಯೋದಕ್ಕೆ ನನಗೆ ಕಾಣುವ ಒಳ್ಳೆಯ ದಾರಿ ಒಂದೇ: ದೇವರು ಈಗಾಗಲೇ ಕೈಗೆ ಕೊಟ್ಟಿರೋದನ್ನು ಚೆನ್ನಾಗಿ ನೋಡಿಕೊಳ್ಳಲು ಶುರು ಮಾಡಿ. ನೋಡಿಕೊಳ್ಳುತ್ತಾ ಹೋದ ಹಾಗೆ ತೃಪ್ತಿ ಹಿಂದೆಯೇ ಬರುತ್ತದೆ.

ಮನೆಯಿಂದಲೇ ಶುರು ಮಾಡಿ. ಒಂದೇ ಒಂದು ಬೀರು ತೆಗೆಯಿರಿ, ಸಾಕು. ಒಳಗಿರೋದನ್ನೆಲ್ಲ ಹೊರಗೆ ಹಾಕಿ. ಗುಂಡಿ ಕಿತ್ತುಹೋಗಿದೆ ಅಂತ ಪಕ್ಕಕ್ಕಿಟ್ಟ ಅಂಗಿ, ಇದೆ ಅಂತಲೇ ಮರೆತು ಮತ್ತೆ ಕೊಂಡ ಅಂಥದ್ದೇ ಇನ್ನೊಂದು, ಯಾರಿಗಾದರೂ ಕೊಡೋಣ ಅಂದುಕೊಂಡು ಕೊಡದೇ ಉಳಿದದ್ದು, ಎಲ್ಲಾ ಅಲ್ಲೇ ಇರುತ್ತದೆ. ಗುಂಡಿ ಹಾಕಿ. ಕೊಡಬೇಕಾದ್ದನ್ನು ಒಗೆದು, ಮಡಚಿ, ಆ ವಾರವೇ ಕೊಡಿ. ಹರಿದದ್ದನ್ನು, ಕೊಳೆಯಾದದ್ದನ್ನು ದಾನ ಅಂತ ಕೊಡಬೇಡಿ. ಐದು ಸಾವಿರ ಜನ ಊಟ ಮಾಡಿದ ಮೇಲೆ ಉಳಿದ ತುಂಡುಗಳನ್ನು ಕೂಡಿಸಿ, ಏನೂ ಹಾಳಾಗಬಾರದು ಅಂತ ಯೇಸು ಹೇಳಿದ್ದು ಯೋಹಾನ 6ರಲ್ಲಿದೆ. ಹನ್ನೆರಡು ಪುಟ್ಟಿ ತುಂಬಿತಂತೆ. ರೊಟ್ಟಿಯನ್ನು ಎಷ್ಟು ಬೇಕಾದರೂ ಹೆಚ್ಚಿಸಬಲ್ಲವನೇ ತುಂಡುಗಳನ್ನು ಬಿಡಲಿಲ್ಲ ಅನ್ನೋದು ನನ್ನನ್ನು ಪ್ರತಿಸಲ ತಡೆದು ನಿಲ್ಲಿಸುತ್ತದೆ. ಫ್ರಿಜ್‌ನಲ್ಲಿ ಹಿಂದೆ ತಳ್ಳಿಟ್ಟ ಡಬ್ಬಿಯ ವಿಷಯದಲ್ಲೂ ಇದೇ ಮಾತು.

ಇನ್ನು ದುಡ್ಡು. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಯಾಕೆಂದರೆ ನಮ್ಮ ಭಯ ಎಲ್ಲಾ ಅಡಗಿರೋದು ಇಲ್ಲೇ. ಒಂದು ತಿಂಗಳು ಖರ್ಚು ಬರೆದಿಡಿ, ಚಿಕ್ಕದು ದೊಡ್ಡದು ಅನ್ನದೆ, ಗಂಡ ಹೆಂಡತಿ ಇಬ್ಬರೂ ಒಂದೇ ಪುಸ್ತಕದಲ್ಲಿ. ತಿಂಗಳ ಕೊನೆಗೆ ಒಟ್ಟಿಗೆ ಕೂತು ಓದಿ. ಆಗ ಜಗಳ ಬೇಡ, ಸುಮ್ನೆ ಓದಿ. ಬೇಸರವಾದ ದಿನ ಕೊಂಡದ್ದು, ನಾಲ್ಕು ಜನ ನೋಡಲಿ ಅಂತ ಕೊಂಡದ್ದು ತಾನಾಗಿ ಕಾಣುತ್ತದೆ. ಮುಂದಿನ ತಿಂಗಳು ದುಡ್ಡು ಬಂದ ಕೂಡಲೇ ಕಾಣಿಕೆಯನ್ನು ಮೊದಲು ತೆಗೆದಿಡಿ. ಉಳಿದರೆ ಕೊಡೋಣ ಅಂದರೆ ಉಳಿಯೋದೇ ಇಲ್ಲ. ವಾರದ ಮೊದಲನೇ ದಿನ ಪ್ರತಿಯೊಬ್ಬರೂ ತಮಗೆ ಬಂದದ್ದಕ್ಕೆ ತಕ್ಕಂತೆ ತೆಗೆದಿಡಲಿ ಅಂತ ಪೌಲ ಕೊರಿಂಥದವರಿಗೆ ಬರೆದದ್ದೂ ಹೀಗೇ. ದಶಮಾಂಶ, ಅಂದರೆ ಬಂದದ್ದರಲ್ಲಿ ಹತ್ತನೇ ಒಂದು ಪಾಲು ಕೊಡೋದು, ಕಡ್ಡಾಯವೋ ಅಲ್ಲವೋ ಅನ್ನೋದರಲ್ಲಿ ಕ್ರೈಸ್ತ ಸಭೆಗಳು ಒಂದೇ ಮಾತು ಹೇಳೋದಿಲ್ಲ. ಆ ಚರ್ಚೆ ಮುಗಿಯಲಿ ಅಂತ ಕಾಯಬೇಡಿ. ಬೇಸರದಿಂದಲ್ಲದೆ ಸಂತೋಷದಿಂದ ಕೊಡಿ. ಆದರೆ ತಂದೆತಾಯಿಗೆ ಔಷಧಿ ತರಬೇಕಾದ ದುಡ್ಡನ್ನು ಕಾಣಿಕೆ ಅಂತ ಹಾಕಿ ಕೈತೊಳೆದುಕೊಳ್ಳಬೇಡಿ. ದೇವರಿಗೆ ಕೊಟ್ಟಾಯಿತು ಅಂತ ಹೇಳಿ ಹೆತ್ತವರನ್ನು ಕೈಬಿಡೋದನ್ನು ಯೇಸು ಮಾರ್ಕ 7ರಲ್ಲಿ ನೇರವಾಗಿ ಖಂಡಿಸಿದ್ದಾನೆ. ಸಾಲ ಇದ್ದರೆ ಎಷ್ಟಿದೆ ಅಂತ ಅಂಕಿ ಬರೆಯಿರಿ, ತೀರಿಸೋಕೆ ಪ್ರತಿ ತಿಂಗಳೂ ಒಂದು ಪಾಲು ಇಡಿ.

ಹಾಗಾದರೆ ಕೂಡಿಡೋದು ಅಪನಂಬಿಕೆಯಾ? ಇದನ್ನು ತುಂಬ ಜನ ಕೇಳುತ್ತಾರೆ. ವಿಮೋಚನಕಾಂಡ 16 ಓದಿ. ಇಸ್ರಾಯೇಲ್ಯರಿಗೆ ಅರಣ್ಯದಲ್ಲಿ ದೇವರು ದಿನದಿನಕ್ಕೆ ಕೊಟ್ಟ ಆಹಾರವಾದ ಮನ್ನವನ್ನು ಮರುದಿನಕ್ಕೆ ಇಟ್ಟುಕೊಂಡವರದ್ದು ಹುಳ ಬಿದ್ದು ನಾತ ಹೊಡೆಯಿತು. ಆದರೆ ಆರನೇ ದಿನ ಎರಡರಷ್ಟು ಕೂಡಿಸಿ ಸಬ್ಬತ್ತಿಗೆ, ಅಂದರೆ ಏಳನೇ ದಿನದ ವಿಶ್ರಾಂತಿಗೆ, ಇಟ್ಟದ್ದು ಕೆಡಲಿಲ್ಲ, ಯಾಕೆಂದರೆ ಹಾಗೆ ಇಡಿ ಅಂತ ದೇವರೇ ಹೇಳಿದ್ದ. ಐಗುಪ್ತದಲ್ಲಿ ಅಧಿಕಾರಿಯಾಗಿದ್ದ ಯೋಸೇಫನೂ ಏಳು ವರ್ಷ ಬೆಳೆಯ ಐದನೇ ಒಂದು ಪಾಲನ್ನು ಕೂಡಿಟ್ಟ, ಅದು ಬರಗಾಲದಲ್ಲಿ ದೇಶವನ್ನೇ ಉಳಿಸಿತು. ಲೂಕ 12ರಲ್ಲಿ ಯೇಸು ಹೇಳಿದ ಕಥೆಯ ಐಶ್ವರ್ಯವಂತನೂ ಕೂಡಿಟ್ಟ, ಆದರೆ ಅವನ ಲೆಕ್ಕದಲ್ಲಿ ಅವನೊಬ್ಬನೇ ಇದ್ದ. ಅದಕ್ಕೇ ಉಳಿತಾಯಕ್ಕೆ ಒಂದು ಹೆಸರು ಕೊಡಿ ಅನ್ನುತ್ತೇನೆ: ಮಕ್ಕಳ ಓದು, ಕಾಯಿಲೆ, ಕಷ್ಟದಲ್ಲಿ ಬಾಗಿಲಿಗೆ ಬರುವವರು. ಯಾವ ಹೆಸರೂ ಹೊಳೆಯದೆ, ಎಷ್ಟಿದ್ದರೂ ಸಾಲದು ಅಂತ ಅನಿಸುತ್ತಿದ್ದರೆ, ಆ ಭಯವನ್ನು ಪ್ರಾರ್ಥನೆಗೆ ತನ್ನಿ.

ಹೋಲಿಕೆ ಬಿಡೋದು ಇನ್ನೂ ಕಷ್ಟ. ಫೋನ್ ತೆಗೆದರೆ ಸಾಕು, ಯಾರದೋ ಹೊಸ ಮನೆ, ಯಾರದೋ ಮಗುವಿನ ಅಂಕ. ಕೆಲವೊಮ್ಮೆ ಸಭೆಯಲ್ಲೇ ದೇವರು ತಮಗೆ ಮಾಡಿದ ಒಳ್ಳೆಯದನ್ನು ಹೇಳುವ ಪಕ್ಕದವರ ಸಾಕ್ಷಿ ಕೇಳುವಾಗಲೂ ಮನಸ್ಸು ಚುಚ್ಚುತ್ತದೆ. ಪೇತ್ರ ಇನ್ನೊಬ್ಬ ಶಿಷ್ಯನ ಕಡೆ ತಿರುಗಿ ಇವನ ಗತಿ ಏನು ಅಂತ ಕೇಳಿದಾಗ, ಅದರಿಂದ ನಿನಗೇನು, ನೀನು ನನ್ನ ಹಿಂದೆ ಬಾ ಅಂದ ಯೇಸು. ಚುಚ್ಚಿದ ಕೂಡಲೇ ಆ ವ್ಯಕ್ತಿಯ ಹೆಸರು ಹೇಳಿ ಅವರಿಗಾಗಿ ದೇವರಿಗೆ ವಂದನೆ ಹೇಳಿ. ಮೊದಮೊದಲು ಮಾತು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ, ಪರವಾಗಿಲ್ಲ, ಹೇಳಿ. ಯಾರ ಪುಟ ನೋಡಿದರೆ ಪ್ರತಿಸಲವೂ ಹೀಗಾಗುತ್ತದೋ ಅದನ್ನು ಸ್ವಲ್ಪ ದಿನ ನೋಡಬೇಡಿ. ಸಮಯ, ನಿದ್ದೆ, ದೇಹ ಇವೂ ದೇವರದ್ದೇ, ಇವುಗಳಿಗೂ ಇದೇ ಜೋಪಾನ ಬೇಕು.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ತೃಪ್ತಿ ಅಂದರೆ ಅನ್ಯಾಯವನ್ನು ಸಹಿಸಿಕೊಂಡಿರೋದಲ್ಲ. ತಡೆಹಿಡಿದ ಕೂಲಿಯೇ ಕೂಗುತ್ತದೆ ಅಂತ ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿದೆ. ನಿಮಗೆ ಬರಬೇಕಾದ ಸಂಬಳವನ್ನು ಕೇಳಿ, ಒಳ್ಳೆಯ ಕೆಲಸ ಹುಡುಕಿ. ನಿಮ್ಮ ಕೈಕೆಳಗೆ ಕೆಲಸ ಮಾಡುವವರಿದ್ದರೆ ಅವರ ಕೂಲಿಯನ್ನು ಹೇಳಿದ ದಿನವೇ ಕೊಡಿ. ಹಸಿದವರು ಎದುರಿಗಿದ್ದಾಗ ತೃಪ್ತಿಯ ವಚನ ಹೇಳಬೇಡಿ, ಮೊದಲು ಊಟ ಹಾಕಿ.