ಶಿನ್ ಗಟ್ಟಿ ಮಾಡೋಕೆ ಹಳೇ ಬ್ಯಾಗೇ ಸಾಕು

ಥಾಯ್ಲೆಂಡಿನ ಕಿಕ್ ಬಾಕ್ಸಿಂಗ್ ಥರದ ಕಾಳಗ ಕಲೆ ಮುಯ್ ಥಾಯ್ ಕಲಿಯುತ್ತಿರುವವರಿಗೆ ಒಂದು ಸಲಹೆ. ಶಿನ್ ಮೂಳೆ, ಅಂದರೆ ಮೊಣಕಾಲಿನ ಕೆಳಗೆ ಮುಂಭಾಗದ ಮೂಳೆ, ಗಟ್ಟಿಯಾಗಲಿ ಅಂತ ಬಾಟಲಿ, ಲಟ್ಟಣಿಗೆ ಉಜ್ಜಬೇಡಿ. ಹಳೇ ಹೆವಿ ಬ್ಯಾಗ್‌ಗೆ (ಗುದ್ದಿ, ಒದ್ದು ಅಭ್ಯಾಸ ಮಾಡಲು ನೇತುಹಾಕುವ ಭಾರದ ಚೀಲ) ಒದೆಯಿರಿ. ಮೊದಲು ನಡುಭಾಗಕ್ಕೆ, ಆಮೇಲೆ 2-3 ವಾರಕ್ಕೊಮ್ಮೆ ನಾಲ್ಕು ಬೆರಳಿನಷ್ಟು ಕೆಳಕ್ಕೆ. ಚಿಂದಿ ಬಟ್ಟೆ ತುಂಬಿದ ಬ್ಯಾಗ್ ನೇತಾಡಿ ನೇತಾಡಿ ತುಂಬಿದ್ದೆಲ್ಲ ಕೆಳಗೆ ಕೂತಿರುತ್ತದೆ. ಹೆಬ್ಬೆರಳಿಂದ ಒತ್ತಿ ನೋಡಿ: ನಡುವೆ ಒಳಕ್ಕೆ ಹೋಗುತ್ತದೆ, ತಳದಲ್ಲಿ ಜಗ್ಗುವುದೇ ಇಲ್ಲ. ಅಂದರೆ ಮೆತ್ತಗಿನದು, ಗಟ್ಟಿಯದು ಎರಡೂ ಒಂದೇ ಬ್ಯಾಗಿನಲ್ಲಿ! ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಬಲಿಯುತ್ತದೆ, ಆದರೆ ಅದಕ್ಕೆ ವಾರಗಳಲ್ಲ, ತಿಂಗಳುಗಳೇ ಬೇಕು. ಬಾಟಲಿ ಉಜ್ಜಿದರೆ ಮೂಳೆಗೆ ಆ ಭಾರವೇ ಸಿಗುವುದಿಲ್ಲ, ಸುಮ್ನೆ ಚರ್ಮ ಮತ್ತು ಮೂಳೆಯ ಮೇಲಿನ ಪೊರೆ ಕೆರಳುತ್ತದೆ. ಥಾಯ್ ಹುಡುಗರು ಬಾಳೆಗಿಡಕ್ಕೆ ಒದೆಯುವ ವಿಡಿಯೋ ನೋಡಿ ತೆಂಗಿನ ಮರದ ಹತ್ತಿರ ಹೋಗಬೇಡಿ. ಬಾಳೆದಿಂಡು ಕೊಯ್ದವರಿಗೆ ಗೊತ್ತಲ್ವಾ, ಒಳಗೆಲ್ಲ ಬರೀ ನೀರು, ಪದರ. ಹೊಸದಾಗಿ ತುಂಬಿದ ಬ್ಯಾಗ್‌ನಲ್ಲಿ ನಡುವಿಂದ ಕೆಳಕ್ಕೆ ಇಳಿಯುವ ಈ ಉಪಾಯ ನಡೆಯುವುದಿಲ್ಲ, ಎಲ್ಲ ಕಡೆ ಒಂದೇ ಥರ ಇರುತ್ತದೆ. ತಳದಲ್ಲಿ ಮರಳು ಹಾಕಿದ್ದರಂತೂ ಬೇಡವೇ ಬೇಡ, ಅದು ಕಲ್ಲಿನ ಹಾಗೆ. ಒದ್ದ ಮೇಲೆ ಶಿನ್ ಉದ್ದಕ್ಕೂ ಸ್ವಲ್ಪ ನೋವು, ಅಲ್ಲಲ್ಲಿ ನೀಲಿ ಕಟ್ಟುವುದು ಮಾಮೂಲಿ, 2-3 ದಿನ ಬಿಟ್ಟು ಮತ್ತೆ ಒದೆಯಬಹುದು. ಆದರೆ ಒಂದೇ ಬೆರಳಿಟ್ಟು ‘ಇಲ್ಲೇ’ ಅಂತ ತೋರಿಸುವಂಥ ನೋವು, ರಾತ್ರಿ ಮಲಗಿದಾಗಲೂ ಕಾಡುವ ನೋವು ಬಂದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಆಗ ಒದೆಯುವುದು ನಿಲ್ಲಿಸಿ, ಮೂಳೆ ಡಾಕ್ಟರಿಗೆ ತೋರಿಸಿ. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಅದು ಕಾಣದೇ ಇರಬಹುದು, ಹಾಗಂತ ಮರುದಿನವೇ ಬ್ಯಾಗ್ ಹತ್ತಿರ ಹೋಗಬೇಡಿ.