ಅಮೆರಿಕದ ಒಂದು ಕೌಂಟಿಯ ಧಾರ್ಮಿಕ ಲೆಕ್ಕವನ್ನು ದಶಕದಿಂದ ದಶಕಕ್ಕೆ ಹೋಲಿಸುವ ಬಗೆ

ಅಮೆರಿಕದ ಒಂದು ಕೌಂಟಿಯಲ್ಲಿ, ಅಂದರೆ ಅಲ್ಲಿನ ರಾಜ್ಯದೊಳಗಿನ ಜಿಲ್ಲೆಯಂಥ ಆಡಳಿತ ವಿಭಾಗದಲ್ಲಿ, ಮೂವತ್ತು ನಲವತ್ತು ವರ್ಷಗಳ ಅವಧಿಯಲ್ಲಿ ಯಾವ ಪಂಗಡ ಬೆಳೆಯಿತು, ಯಾವುದು ಸೊರಗಿತು ಎಂದು ತಿಳಿಯಲು ಹೊರಟವರು ಸಾಮಾನ್ಯವಾಗಿ ಮೊದಲು ಸರ್ಕಾರಿ ಜನಗಣತಿಯನ್ನು ತೆರೆಯುತ್ತಾರೆ. ಅಲ್ಲಿ ಏನೂ ಸಿಗುವುದಿಲ್ಲ. ಧಾರ್ಮಿಕ ನಂಬಿಕೆಯನ್ನಾಗಲಿ, ಧಾರ್ಮಿಕ ಸಂಸ್ಥೆಯ ಸದಸ್ಯತ್ವವನ್ನಾಗಲಿ ತಿಳಿಸುವಂತೆ ಯಾರನ್ನೂ ಒತ್ತಾಯಿಸಬಾರದೆಂದು 1976ರ ಕಾನೂನು ಹೇಳುತ್ತದೆ. ಜನಗಣತಿಯ ನಮೂನೆಯಲ್ಲಿ ಆ ಪ್ರಶ್ನೆಯೇ ಇಲ್ಲ. ಆದ್ದರಿಂದ ಲೆಕ್ಕವನ್ನು ಸಂಸ್ಥೆಗಳ ಕಡೆಯಿಂದ ಹಿಡಿಯಬೇಕಾಗುತ್ತದೆ.

ಆಕರಗಳು ಹೀಗಿವೆ. 1906, 1916, 1926 ಮತ್ತು 1936ರಲ್ಲಿ ಜನಗಣತಿ ಇಲಾಖೆಯೇ ಚರ್ಚುಗಳು ಮತ್ತಿತರ ಸಭೆಗಳಿಂದ (ಒಂದೆಡೆ ಸೇರಿ ಆರಾಧಿಸುವ ಸ್ಥಳೀಯ ಗುಂಪುಗಳಿಂದ) ಮಾಹಿತಿ ತರಿಸಿಕೊಂಡು ಧಾರ್ಮಿಕ ಸಂಸ್ಥೆಗಳ ಗಣತಿ ನಡೆಸಿತ್ತು. ಇವುಗಳಲ್ಲಿ ಕೊನೆಯದನ್ನು ಎಚ್ಚರದಿಂದ ಬಳಸಬೇಕು, ಏಕೆಂದರೆ ಉತ್ತರ ಕಳುಹಿಸದ ಸಭೆಗಳು ಆ ಸಲ ಬಹಳವಾಗಿದ್ದವು. ಆಮೇಲೆ ಖಾಸಗಿ ಪ್ರಯತ್ನದಿಂದ 1952 ಮತ್ತು 1971ರಲ್ಲಿ ಕೌಂಟಿವಾರು ಅಧ್ಯಯನಗಳಾದವು, 1980ರಿಂದ ಅವು ಹತ್ತು ವರ್ಷಕ್ಕೊಮ್ಮೆ ನಡೆಯುತ್ತಿವೆ. ಈಗ ಧಾರ್ಮಿಕ ಗಣತಿ ಎಂದು ಕರೆಯುವುದು ಇದನ್ನೇ. ಬಹುಪಾಲು ಕೋಷ್ಟಕಗಳು ಧಾರ್ಮಿಕ ದತ್ತಾಂಶ ಸಂಗ್ರಹಾಲಯವಾದ ಎಆರ್‌ಡಿಎ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ನಿಮ್ಮ ಕೌಂಟಿಯ ಹೆಸರಿನಲ್ಲಿ ಪ್ರತಿ ದಶಕದ ಕೋಷ್ಟಕವನ್ನೂ ಇಳಿಸಿಕೊಳ್ಳಿ, ಆದರೆ ಕೂಡಲೇ ಶೇಕಡಾವಾರು ತೆಗೆಯಲು ಕೂರಬೇಡಿ.

ಮೊದಲು ಕಾಲಂಗಳ ಅರ್ಥ ಗಟ್ಟಿಮಾಡಿಕೊಳ್ಳಬೇಕು. ಸಭೆಗಳ ಸಂಖ್ಯೆ, ಸದಸ್ಯರು, ಅನುಯಾಯಿಗಳು ಎಂಬ ಮೂರು ಬೇರೆ ಬೇರೆ ಎಣಿಕೆಗಳಿರುತ್ತವೆ, ಮತ್ತು ‘ಸದಸ್ಯ’ ಎಂಬ ಪದಕ್ಕೆ ಒಂದೊಂದು ಪಂಗಡದಲ್ಲಿ ಒಂದೊಂದು ಅರ್ಥ. ತಂದೆ, ತಾಯಿ, ಮೂವರು ಸಣ್ಣ ಮಕ್ಕಳಿರುವ ಒಂದು ಕುಟುಂಬವನ್ನು ಊಹಿಸಿಕೊಳ್ಳಿ. ಶಿಶುವಿಗೇ ದೀಕ್ಷಾಸ್ನಾನ ಕೊಡುವ ಕ್ಯಾಥೊಲಿಕ್ ಸಭೆಯಲ್ಲಿ ಅವರು ಐದು ಜನ. ತಾನಾಗಿ ನಂಬಿಕೆಯನ್ನು ಒಪ್ಪಿಕೊಂಡವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಬ್ಯಾಪ್ಟಿಸ್ಟ್ ಸಭೆಯ ಪುಸ್ತಕದಲ್ಲಿ ಅದೇ ಕುಟುಂಬ ಇಬ್ಬರು. ಈ ಅಂತರವನ್ನು ತಗ್ಗಿಸಲೆಂದೇ ಮಕ್ಕಳನ್ನೂ, ಸದಸ್ಯರಲ್ಲದಿದ್ದರೂ ನಿಯಮಿತವಾಗಿ ಬರುವವರನ್ನೂ ಸೇರಿಸಿ ಅನುಯಾಯಿಗಳ ಕಾಲಂ ಮಾಡಿದ್ದಾರೆ. ಪಂಗಡ ಪಂಗಡಗಳನ್ನು ಹೋಲಿಸುವಾಗ ಆ ಕಾಲಂ ಒಂದನ್ನೇ ಬಳಸಬೇಕು, ಅದರಲ್ಲಿ ಒಂದಿಷ್ಟು ಅಂದಾಜು ಬೆರೆತಿದೆ ಎಂಬುದನ್ನು ಮರೆಯದೆ.

ಎರಡನೆಯ ಕೆಲಸವೇ ಎಲ್ಲಕ್ಕಿಂತ ಮುಖ್ಯವಾದುದು, ಮತ್ತು ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ: ಯಾವ ವರ್ಷ ಯಾರನ್ನು ಎಣಿಸಿದ್ದರು ಎಂಬುದನ್ನು ಪಟ್ಟಿ ಮಾಡುವುದು. ಇಡೀ ದೇಶದ ಮಟ್ಟದಲ್ಲಿ 2000ದ ಅಧ್ಯಯನದಲ್ಲಿ 149 ಸಂಸ್ಥೆಗಳು, ಅಂದರೆ ಪಂಗಡಗಳು, ಇದ್ದವು, 2010ರಲ್ಲಿ 236, 2020ರಲ್ಲಿ 372. ಕಪ್ಪು ಜನಾಂಗದ ಐತಿಹಾಸಿಕ ಪಂಗಡಗಳಲ್ಲಿ ಹಲವು 2000ದಲ್ಲಿ ಭಾಗವಹಿಸಿರಲಿಲ್ಲ. ಯಾವ ಪಂಗಡಕ್ಕೂ ಸೇರದ ಸ್ವತಂತ್ರ ಚರ್ಚುಗಳನ್ನು ವ್ಯವಸ್ಥಿತವಾಗಿ ಹುಡುಕಿ ಎಣಿಸಿದ್ದು 2010ರಲ್ಲಿ. ಆಗ ದೇಶದಲ್ಲಿ ಅಂಥವು 35,000ಕ್ಕೂ ಹೆಚ್ಚು ಸಿಕ್ಕವು, ಅವುಗಳ ಅನುಯಾಯಿಗಳು ಸುಮಾರು 1.2 ಕೋಟಿ. ಆ ಜನರೆಲ್ಲ ಆ ದಶಕದಲ್ಲೇ ಹೊಸದಾಗಿ ಚರ್ಚು ಸೇರಿದವರಲ್ಲ.

ಇದರಿಂದ ಲೆಕ್ಕ ಹೇಗೆ ತಿರುಗಿಬೀಳುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ಕೌಂಟಿಯನ್ನು ತೆಗೆದುಕೊಳ್ಳೋಣ. 2000ದಲ್ಲಿ ಜನಸಂಖ್ಯೆ 40,000, ಅನುಯಾಯಿಗಳು 18,000, ಅಂದರೆ ಶೇ 45. 2010ರಲ್ಲಿ ಜನಸಂಖ್ಯೆ 50,000, ಅನುಯಾಯಿಗಳು 24,000, ಅಂದರೆ ಶೇ 48. ಧರ್ಮದ ಕಡೆ ಒಲವು ಹೆಚ್ಚಿತು ಎಂದು ಬರೆದುಬಿಡಲು ಕೈ ತುರಿಸುತ್ತದೆ. ಆದರೆ ಆ 24,000ದಲ್ಲಿ 4,000 ಮಂದಿ ಹಿಂದಿನ ಸಲ ಎಣಿಸದೇ ಬಿಟ್ಟಿದ್ದ ಸಭೆಗಳವರಾದರೆ, ಎರಡೂ ವರ್ಷ ಲೆಕ್ಕಕ್ಕೆ ಬಂದ ಸಂಸ್ಥೆಗಳ ಪಾಲು 50,000ಕ್ಕೆ 20,000, ಅಂದರೆ ಶೇ 40. ಮೂರು ಅಂಶ ಏರಿದ್ದದ್ದು ಐದು ಅಂಶ ಇಳಿದದ್ದಾಯಿತು. ಆದ್ದರಿಂದ ಎರಡೂ ವರ್ಷ ಇರುವ ಸಂಸ್ಥೆಗಳನ್ನು ಒಂದು ಕಡೆ, ಹೊಸದಾಗಿ ಸೇರಿದವನ್ನು ಇನ್ನೊಂದು ಕಡೆ ಇಟ್ಟು ಎರಡು ಕೋಷ್ಟಕ ಮಾಡಿ.

ಹೆಸರು ಬದಲಾದ ಪಂಗಡಗಳನ್ನೂ ಇದೇ ಹಂತದಲ್ಲಿ ಜೋಡಿಸಬೇಕು. 1980ರ ಕೋಷ್ಟಕದಲ್ಲಿ ಹಲವು ಲೂಥರನ್ ಸಂಸ್ಥೆಗಳಿದ್ದು 1990ರಲ್ಲಿ ಅವು ಕಾಣದಿದ್ದರೆ ಗಾಬರಿ ಬೇಡ. ಅವುಗಳಲ್ಲಿ ಮೂರು 1988ರಲ್ಲಿ ಒಂದುಗೂಡಿ ಇವ್ಯಾಂಜೆಲಿಕಲ್ ಲೂಥರನ್ ಚರ್ಚ್ ಇನ್ ಅಮೆರಿಕ ಆಗಿವೆ. ಒಡಕಿನ ಉದಾಹರಣೆ ಇನ್ನೂ ಹಸಿಯಾಗಿದೆ: 2019ರಿಂದ 2023ರೊಳಗೆ ಯುನೈಟೆಡ್ ಮೆಥಡಿಸ್ಟ್ ಚರ್ಚಿನ ಸುಮಾರು ಕಾಲುಭಾಗದಷ್ಟು ಅಮೆರಿಕನ್ ಸಭೆಗಳು ಅದನ್ನು ತೊರೆದವು. ಕೆಲವು 2022ರಲ್ಲಿ ಹುಟ್ಟಿದ ಗ್ಲೋಬಲ್ ಮೆಥಡಿಸ್ಟ್ ಚರ್ಚನ್ನು ಸೇರಿದವು, ಕೆಲವು ಸ್ವತಂತ್ರವಾಗಿ ಉಳಿದವು. ಹೀಗೆ ಹೊರಬಂದ ಸಭೆಯಲ್ಲಿ ಅದೇ ಕಟ್ಟಡ, ಅದೇ ಬೆಂಚು, ಬಹುಮಟ್ಟಿಗೆ ಅದೇ ಜನ. ಕೋಷ್ಟಕದಲ್ಲಿ ಮಾತ್ರ ಒಂದು ಸಾಲು ಕುಸಿದು ಇನ್ನೊಂದು ಏರುತ್ತದೆ.

ಗಡಿಯ ವಿಚಾರ ಚಿಕ್ಕದು, ಆದರೂ ನೋಡಲೇಬೇಕು. ಕೊಲರಾಡೋದ ಬ್ರೂಮ್‌ಫೀಲ್ಡ್ ಕೌಂಟಿ 2001ರಲ್ಲಿ ನಾಲ್ಕು ಕೌಂಟಿಗಳ ತುಂಡುಗಳಿಂದ ಹುಟ್ಟಿದ್ದು, ಅದಕ್ಕೆ 2000ದ ಅಂಕಿಯೇ ಇಲ್ಲ. ಇನ್ನೊಂದು ತೊಡಕೆಂದರೆ, ಅನುಯಾಯಿಯನ್ನು ಸಾಮಾನ್ಯವಾಗಿ ಅವನ ಮನೆಯಿರುವ ಕೌಂಟಿಯಲ್ಲಲ್ಲ, ಅವನ ಸಭೆಯಿರುವ ಕೌಂಟಿಯಲ್ಲಿ ಎಣಿಸುತ್ತಾರೆ. ಅಂಚಿನಲ್ಲೊಂದು ದೊಡ್ಡ ಚರ್ಚು ಇದ್ದರೆ ಪಕ್ಕದ ಕೌಂಟಿಯ ಜನರೂ ಇಲ್ಲೇ ಸೇರುತ್ತಾರೆ. ಕೆಲವು ಸಣ್ಣ ಕೌಂಟಿಗಳಲ್ಲಿ ಅನುಯಾಯಿಗಳು ಜನಸಂಖ್ಯೆಯನ್ನೇ ಮೀರುವುದಕ್ಕೆ ಇದೂ ಒಂದು ಕಾರಣ.

ಏರಿಳಿತದ ಕಾರಣ ಬೇಕಾದರೆ ದಶಕದ ಕೋಷ್ಟಕ ಸಾಲದು, ಸಭೆಯ ವಾರ್ಷಿಕ ವರದಿಗೆ ಇಳಿಯಬೇಕು. ಮೆಥಡಿಸ್ಟರ ವಾರ್ಷಿಕ ಸಮ್ಮೇಳನದ ವರದಿಗಳಲ್ಲಿ ಪ್ರತಿ ಚರ್ಚಿಗೂ ನಂಬಿಕೆ ಒಪ್ಪಿ ಸೇರಿದವರು, ಬೇರೆಡೆಯಿಂದ ವರ್ಗವಾಗಿ ಬಂದವರು, ತೀರಿಕೊಂಡವರು, ಬಿಟ್ಟುಹೋದವರು ಎಂದು ಬೇರೆ ಬೇರೆ ಕಾಲಂಗಳಿರುತ್ತವೆ. ಅವುಗಳಲ್ಲಿ ಪಟ್ಟಿಯಿಂದ ತೆಗೆದ ಹೆಸರುಗಳ ಕಾಲಂ ಮೇಲೆ ಕಣ್ಣಿಡಿ. ಹೊಸ ಪಾದ್ರಿ ಬಂದು ಎಷ್ಟೋ ವರ್ಷದಿಂದ ಕಾಣಿಸದವರ ಹೆಸರುಗಳನ್ನು ಹೊಡೆದುಹಾಕಿದ ವರ್ಷ ಸದಸ್ಯತ್ವ ದಿಢೀರನೆ ಇಳಿಯುತ್ತದೆ, ಭಾನುವಾರದ ಹಾಜರಿ ಮಾತ್ರ ಇದ್ದಂತೆಯೇ ಇರುತ್ತದೆ.

ಕೊನೆಗೆ ಜನಸಂಖ್ಯೆಯಲ್ಲಿ ಅನುಯಾಯಿಗಳನ್ನು ಕಳೆದರೆ ಉಳಿಯುವ ಅಂಕಿ. 2020ರಲ್ಲಿ ಇಡೀ ದೇಶಕ್ಕೆ ಲೆಕ್ಕ ಸಿಕ್ಕ ಅನುಯಾಯಿಗಳು ಸುಮಾರು 16.1 ಕೋಟಿ, ಅರ್ಧಕ್ಕಿಂತ ತುಸು ಕಡಿಮೆ. ಉಳಿದವರನ್ನು ನಾಸ್ತಿಕರೆಂದು ಬರೆಯುವುದು ಶುದ್ಧ ತಪ್ಪು, ಏಕೆಂದರೆ ಎಣಿಕೆಗೆ ಸಿಗದ ಸಭೆಗಳವರೂ, ನಂಬಿಕೆಯಿದ್ದು ಯಾವ ಪುಸ್ತಕದಲ್ಲೂ ಹೆಸರಿಲ್ಲದವರೂ ಅದರಲ್ಲಿದ್ದಾರೆ. ಧರ್ಮದ ಗುರುತೇ ಬೇಡವೆನ್ನುವವರ ಪ್ರಮಾಣ ಬೇಕಾದರೆ ಪ್ಯೂ ಅಥವಾ ಪಿಆರ್‌ಆರ್‌ಐ ಸಂಸ್ಥೆಗಳ ಸಮೀಕ್ಷೆಗಳನ್ನು ನೋಡಬೇಕು. ಪಿಆರ್‌ಆರ್‌ಐ ಕೌಂಟಿ ಮಟ್ಟದ ಅಂದಾಜನ್ನೂ ಕೊಡುತ್ತದೆ. ಅದು ವ್ಯಕ್ತಿಗಳನ್ನು ಕೇಳಿದ ಉತ್ತರಗಳಿಂದ ಕಟ್ಟಿದ್ದಾದ್ದರಿಂದ ಸಭೆಗಳ ಎಣಿಕೆಯ ಕೋಷ್ಟಕದೊಳಗೆ ಬೆರೆಸದೆ ಪ್ರತ್ಯೇಕ ಹಾಳೆಯಲ್ಲಿ ಇಡಿ.