ಗ್ಲೇಜ್ ಬೇಡ, ಭತ್ತದ ಹುಲ್ಲು ಸಾಕು

ಜಪಾನಿನ ಪಿಂಗಾಣಿ, ಮಡಕೆ ಅಂದ ಕೂಡಲೇ ಎಲ್ಲರೂ ಕೇಳೋದು ಒಡೆದ ಬಟ್ಟಲಿಗೆ ಚಿನ್ನ ಹಚ್ಚುವ ವಿಷಯ. ನನ್ನನ್ನು ಹಿಡಿದದ್ದು ಅದಲ್ಲ, ಬಿಜೆನ್. ಓಕಯಾಮಾ ಪ್ರಾಂತ್ಯದಲ್ಲಿ ನೂರಾರು ವರ್ಷಗಳಿಂದ ಮಾಡಿಕೊಂಡು ಬಂದಿರುವ, ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ ಇಲ್ಲದ ಪಾತ್ರೆಗಳು. ಅಲ್ಲಿನ ಮಣ್ಣು ಸಿಗೋದು ಗದ್ದೆಯ ಅಡಿಯಲ್ಲಿ. ಜಾಸ್ತಿ ಕುಗ್ಗುತ್ತದೆ, ಗ್ಲೇಜ್ ಸರಿಯಾಗಿ ಹಿಡಿಯೋಲ್ಲ, ಅವಸರದಲ್ಲಿ ಕಾಯಿಸಿದರೆ ಬಿರುಕು ಬಿಡುತ್ತದೆ, ಅದಕ್ಕೇ ಪೈನ್ ಕಟ್ಟಿಗೆ ಉರಿಸಿ 10–14 ದಿನ ನಿಧಾನವಾಗಿ ಸುಡುತ್ತಾರೆ.

ಬೆಂಗಳೂರಲ್ಲಿ ಅಷ್ಟು ದಿನ ಹೊಗೆ ಎಬ್ಬಿಸಿದರೆ ಅಕ್ಕಪಕ್ಕದವರು ಸುಮ್ನೆ ಬಿಡ್ತಾರಾ? ಹಾಗಾಗಿ ಬಿಜೆನ್‌ನಲ್ಲಿ ನಾನು ಎತ್ತಿಕೊಂಡದ್ದು ಹಿದಾಸುಕಿ ಅನ್ನೋ ಅಲಂಕಾರ ಒಂದನ್ನೇ: ತಿಳಿ ಮೈಮೇಲೆ ಕೆಂಪು ಗೆರೆಗಳು. ಪಾತ್ರೆಗಳು ಒಂದಕ್ಕೊಂದು ಅಂಟದಿರಲಿ ಅಂತ ನಡುವೆ ಭತ್ತದ ಹುಲ್ಲು ಇಡುತ್ತಿದ್ದರು, ಹುಲ್ಲು ತಾಗಿದಲ್ಲೆಲ್ಲ ಕೆಂಪು ಮೂಡುತ್ತಿತ್ತು. ಹುಲ್ಲಿನ ಪೊಟ್ಯಾಶಿಯಂ ಮತ್ತು ಮಣ್ಣಿನ ಕಬ್ಬಿಣ ಸೇರಿ ಮಾಡುವ ಕೆಲಸ ಅದು.

ನನಗೆ ಹುಲ್ಲು ಮಂಡ್ಯದ ಕಡೆಯಿಂದ ಬರುತ್ತದೆ. ಮಳೆಗೆ ನೆನೆದದ್ದು ಬೇಡ ಅಂತ ಮೊದಲೇ ಹೇಳಿರುತ್ತೇನೆ, ಪೊಟ್ಯಾಶಿಯಂ ನೀರಿನ ಜೊತೆ ಹೋಗಿಬಿಟ್ಟಿರುತ್ತದೆ. ನೀರು ಚಿಮುಕಿಸಿ, ಮರದ ಕೊಡತಿಯಲ್ಲಿ ಬಡಿದು ಮೆತ್ತಗೆ ಮಾಡಿ ಸುತ್ತಬೇಕು. ಕಡ್ಡಿ ಎದ್ದು ನಿಂತ ಕಡೆ ಗೆರೆ ಕಡಿದುಹೋಗುತ್ತದೆ. ಕೆಲವರು ಉಪ್ಪುನೀರಲ್ಲಿ ಅದ್ದುತ್ತಾರೆ. ಕೆಂಪು ಸಲೀಸಾಗಿ ಬರುತ್ತದೆ ನಿಜ, ಆದರೆ ಉಪ್ಪಿನ ಆವಿ ಪಾತ್ರೆ ಸುಡುವ ಒಲೆಯ, ಅಂದರೆ ಕಿಲ್ನ್‌ನ ಕಾಯಿಲ್‌ಗಳನ್ನು ತಿಂದುಹಾಕುತ್ತದೆ, ನಾನಂತೂ ಆ ದಾರಿಗೆ ಹೋಗೋಲ್ಲ.

ಮಣ್ಣು ಕಬ್ಬಿಣ ತುಸುವೇ ಇರುವ, ಹೆಚ್ಚು ಶಾಖದಲ್ಲಿ ಸುಟ್ಟರೆ ಕಲ್ಲಿನಂತೆ ಗಟ್ಟಿಯಾಗುವ ಸ್ಟೋನ್‌ವೇರ್ ಆಗಿರಬೇಕು. ಹೆಂಚಿನ ಮಣ್ಣಾದರೆ ಕೆಂಪಿನ ಮೇಲೆ ಕೆಂಪು, ಏನು ಕಾಣುತ್ತೆ? ಸುತ್ತಿದ ಪಾತ್ರೆಯನ್ನು ಸ್ಯಾಗರ್‌ನಲ್ಲಿ, ಅಂದರೆ ಮುಚ್ಚಳವಿರುವ ಮಣ್ಣಿನ ಡಬ್ಬಿಯಲ್ಲಿಟ್ಟು ಎಲೆಕ್ಟ್ರಿಕ್ ಕಿಲ್ನ್‌ನಲ್ಲಿ 1200 ಡಿಗ್ರಿ ದಾಟಿಸುತ್ತೇನೆ. ಆಮೇಲಿನದೇ ಮುಖ್ಯ. ಸ್ವಿಚ್ ಆರಿಸಿ ಮನೆಗೆ ಹೋಗುವ ಹಾಗಿಲ್ಲ, ಶಾಖವನ್ನು ನಿಮಿಷಕ್ಕೆ 1 ಡಿಗ್ರಿಯಂತೆ ಇಳಿಸುತ್ತಾ ಬಂದರೆ ಕಬ್ಬಿಣದ ಆಕ್ಸೈಡ್ ಹರಳುಗಟ್ಟಲು ಹೊತ್ತು ಸಿಗುತ್ತದೆ, ಕೆಂಪು ಗಾಢವಾಗುತ್ತದೆ.

ಹುಲ್ಲು ಹೇಗೆ ಸುತ್ತಬೇಕು ಅಂತ ಹೊಸಬರು ಕೇಳುತ್ತಾರೆ. ಲೆಕ್ಕ ಹಾಕಿ ಚೆಂದಕ್ಕೆ ಸುತ್ತಿದರೆ ಗಿಫ್ಟ್ ಪೊಟ್ಟಣದ ರಿಬ್ಬನ್ ಥರ ಕಾಣುತ್ತದೆ. ನಾನು ಕಮ್ಮಿ ಸುತ್ತುತ್ತೇನೆ, ಭುಜದ ಹತ್ತಿರ ನಾಲ್ಕೈದು ಎಳೆ ಅಡ್ಡಾದಿಡ್ಡಿ, ತಳಕ್ಕೆ ಒಂದಿಷ್ಟು, ಬಾಯಿ ಖಾಲಿ.